ಡಾಕ್ಟರ್ ಉದಯಕುಮಾರರ ಶಿಫಾರಸು

ಅರಸೀಕೆರೆಯ ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಒದ್ದಾಡಿ ಪಡೆದ ಡಿಪ್ಲೊಮಾ ನ್ಯೂಜಿಲೆಂಡಿಗೆ ಹೋದರೆ ಫಾರಿನ್ನಿನದಾಗುತ್ತದೆ, ಅರಸೀಕೆರೆಗೆ ವಾಪಸು ಬಂದರೆ ಲೋಕಲ್ ಆಗುತ್ತದೆ, ಎರಡು ಕಡೆಯೂ ಅದನ್ನು ಕೇಳುವವರಿಲ್ಲ ಎಂಬುದು ಧರ್ಮೇಶನಿಗೆ ಅರ್ಥವಾಗುವ ಹೊತ್ತಿಗೆ ಅವನಿಗೆ ಮೂವತ್ತೆಂಟು ತುಂಬಿತ್ತು.

ನ್ಯೂಜಿಲೆಂಡಿನಲ್ಲಿ ಹತ್ತೊಂಬತ್ತು ಲ್ಯಾಬುಗಳಿಗೆ ಅರ್ಜಿ ಹಾಕಿದ್ದ. ಆಹಾರ ಪರೀಕ್ಷೆಯ ಡಿಪ್ಲೊಮಾ ಸರಿ, ಆದರೆ ಈ ದೇಶದ್ದಲ್ಲವಲ್ಲ, ಇಲ್ಲಿಯದೇ ಒಂದು ಸಣ್ಣ ಸರ್ಟಿಫಿಕೇಟಾದರೂ ಇದ್ದಿದ್ದರೆ ಎಂದು ಎಲ್ಲರೂ ನಯವಾಗಿ ಹೇಳಿ ಕಳಿಸಿದ್ದರು. ಮೂರು ವರ್ಷ ಶೆಡ್ಡಿನಲ್ಲಿ ನಿಂತು ಕಿವಿ ಹಣ್ಣನ್ನು ದಪ್ಪ, ಸಣ್ಣ ಎಂದು ಬೇರೆ ಮಾಡಿ ಹಳೇಬೀಡಿಗೆ ವಾಪಸಾದ. ಅದೇ ವರ್ಷ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು ಗಂಡಸಿ ರಸ್ತೆಯಲ್ಲಿ ಎಣ್ಣೆ ಫ್ಯಾಕ್ಟರಿ ತೆರೆದು, ಗುಣಮಟ್ಟ ನೋಡಿಕೊಳ್ಳಲು ಒಬ್ಬ ಮುಖ್ಯಸ್ಥ ಬೇಕೆಂದು ಪೇಪರಿನಲ್ಲಿ ಹಾಕಿಸಿದ್ದರು.

ಅವರು ಧರ್ಮೇಶನ ಅರ್ಜಿಯನ್ನು ಪೂರ್ತಿ ತಿರುಗಿಸಲೂ ಇಲ್ಲ. "ಸಂಜೆ ಕಾಲೇಜಾ? ನಮ್ಮೆಣ್ಣೆ ಹೊರದೇಶಕ್ಕೆ ಹೋಗೋದು ಕಣಪ್ಪ. ಫಾರಿನ್ ಡಿಗ್ರಿ ಇರೋರೇ ಬೇಕು."

ತಾನೂ ಹೊರದೇಶದಲ್ಲಿ ಇದ್ದು ಬಂದವನೆಂದು ಧರ್ಮೇಶ ಮೆಲ್ಲಗೆ ಹೇಳಿದ.

"ಹಣ್ಣು ಆರಿಸೋಕೆ ತಾನೆ?" ಎಂದರು ಜಯದೇವಪ್ಪ.

ಹಳೇಬೀಡಿನ ಬಸ್ಸು ಜಾವಗಲ್ ದಾಟುವಷ್ಟರಲ್ಲಿ ಅವನ ತಲೆಯಲ್ಲಿ ಡಾಕ್ಟರ್ ಉದಯಕುಮಾರರು ಹುಟ್ಟಿ, ಬೆಳೆದು, ಪಿಎಚ್.ಡಿ. ಮುಗಿಸಿಬಿಟ್ಟಿದ್ದರು.

ಧರ್ಮೇಶ ಆತುರಗಾರನಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುವ ಜಾತಿ. ಆದ್ದರಿಂದ ಇಲ್ಲದ ಮನುಷ್ಯನ ಹೆಸರಿನಲ್ಲಿ ಅರ್ಜಿ ಹಾಕುವ ಅಪರಾಧವನ್ನೂ ಪರೀಕ್ಷೆಗೆ ಓದಿದ ಹಾಗೆ ಓದಿದ. ಡಾಕ್ಟರು ಬಿಳಿಯರಾದರೆ ಯಾವತ್ತಾದರೂ ಅವರ ಇಂಗ್ಲಿಷು ಕೈಕೊಡುತ್ತದೆ. ಹಾಗಾಗಿ ತಂದೆ ಗೆಂಡೆಹಳ್ಳಿ ಕಡೆಯವರು, ಮಠದ ಭಕ್ತರು, ನ್ಯೂಜಿಲೆಂಡಿನಲ್ಲಿ ನೆಲೆನಿಂತವರು. ಬೇರೆ ದೇಶ ಆರಿಸಬಹುದಿತ್ತು, ಆದರೆ ಬೇರೆ ದೇಶದ ಚಳಿ ಇವನಿಗೆ ಗೊತ್ತಿರಲಿಲ್ಲ. ಅರ್ಜಿಗೆ ಫೋಟೊ ಇಲ್ಲ. ಅಲ್ಲಿ ಫೋಟೊ ಕೇಳುವ ಪದ್ಧತಿಯೇ ಇಲ್ಲ, ಅದು ನಿಜ ಕೂಡ. ಸರ್ಟಿಫಿಕೇಟನ್ನು ಬೇಲೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಉಗ್ರಪ್ಪನ ಹತ್ತಿರ, ನಾಟಕಕ್ಕೆ ಬೇಕೆಂದು ಹೇಳಿ, ದಪ್ಪ ಕಾಗದದ ಮೇಲೆ ಮಾಡಿಸಿದ. ಉಗ್ರಪ್ಪ ಅಭ್ಯಾಸಬಲದಿಂದ ಮೇಲೆ ಗಣಪತಿ ಕೂರಿಸಿದ್ದ. ಧರ್ಮೇಶ ಮನಸ್ಸಿನಲ್ಲೇ ತಪ್ಪಾಯ್ತೆಂದು ಕೈಮುಗಿದು ಗಣಪತಿಯನ್ನು ತೆಗೆಸಿದ. ಸಂಬಳ ಬೇಡವೆಂದು ಬರೆಯಬೇಕೆಂದೂ ಆಗಲೇ ತೀರ್ಮಾನಿಸಿದ. ಕಾಸು ಮುಟ್ಟದಿದ್ದರೆ ಅದು ಕಳ್ಳತನ ಹೇಗಾದೀತು?

ಸ್ವಂತ ಅರ್ಜಿಗೆ ನಾಲ್ಕು ತಿಂಗಳು ಕಾದಿದ್ದ. ಡಾಕ್ಟರ ಅರ್ಜಿಗೆ ಹದಿನೆಂಟು ಗಂಟೆಯಲ್ಲಿ ಇಮೇಲಿನಲ್ಲಿ ಉತ್ತರ ಬಂತು. ಬರೆದವಳು ಜಯದೇವಪ್ಪನವರ ಮಗಳು ಮೇಘಶ್ರೀ. ಅಪ್ಪನ ಇಂಗ್ಲಿಷ್ ಪತ್ರವ್ಯವಹಾರವೆಲ್ಲ ಅವಳದೇ.

ಡಾಕ್ಟರು ವಿನಯದಿಂದ ಬರೆದರು: ಇಲ್ಲಿನ ಕರಾರು ಮುಗಿಯಲು ಎರಡು ವರ್ಷ ಇದೆ. ಅಲ್ಲಿಯವರೆಗೆ ತಂದೆಯ ಊರಿನ ಋಣಕ್ಕೆಂದು ಬಿಟ್ಟಿಯಾಗಿ ಸಲಹೆ ಕೊಡುತ್ತೇನೆ. ಕೈಕೆಲಸಕ್ಕೆ ಒಬ್ಬ ಸ್ಥಳೀಯ ಸಾಕು. ಬಂದಿರುವ ಅರ್ಜಿಗಳನ್ನು ಕಳಿಸಿ, ನೋಡುತ್ತೇನೆ.

ನಲವತ್ತೊಂದು ಅರ್ಜಿ ಬಂದವು. ಅವುಗಳಲ್ಲಿ ಅವನದೂ ಇತ್ತು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ಲೋಕಲ್, ಬೇಡ' ಎಂದು ಬರೆದಿತ್ತು. ಧರ್ಮೇಶ ಎರಡು ದಿನ ಕೂತು ಎಲ್ಲವನ್ನೂ ಪ್ರಾಮಾಣಿಕವಾಗಿ ಓದಿದ. ತನಗಿಂತ ಮೇಲಾದವರು ಇಬ್ಬರಿದ್ದರು. ಅವರ ಹೆಸರು ಆಮೇಲೆ ಬಹಳ ದಿನ ಅವನಿಗೆ ಮರೆಯಲಿಲ್ಲ. ತನ್ನ ಬಗ್ಗೆ 'ಇಂಗ್ಲಿಷ್ ಸಾಧಾರಣ, ಪುಕ್ಕಲು ಸ್ವಭಾವ, ನಂಬಿಕಸ್ಥ' ಎಂದು ಬರೆದು, ಕೊನೆಯ ಪದವನ್ನು ಅಳಿಸಿ 'ಎಚ್ಚರಿಕೆಯವನು' ಎಂದು ಹಾಕಿದ.

"ನಿನ್ ಪುಣ್ಯ ಕಣಯ್ಯ," ಎಂದರು ಜಯದೇವಪ್ಪ. "ಡಾಕ್ಟ್ರು ನಿನ್ನೇ ಆರಿಸವ್ರೆ. ಅವ್ರು ಹೇಳ್ದಂಗೆ ಕೇಳ್ಕೊಂಡು ಬಿದ್ದಿರು."

ಅವನು ಹಾಗೆಯೇ ಮಾಡಿದ. ಹಗಲು ಎಣ್ಣೆ ಪರೀಕ್ಷಿಸಿ ಡಾಕ್ಟರಿಗೆ ವರದಿ ಕಳಿಸುವುದು, ಸಂಜೆ ಬಸ್ಸಿನಲ್ಲಿ ಕೂತು ಡಾಕ್ಟರಾಗಿ ಉತ್ತರ ಬರೆಯುವುದು. ಒಣಗಿಸುವ ಯಂತ್ರದ ಕಾವು ಹೆಚ್ಚಾಯಿತೆಂದು ಧರ್ಮೇಶ ಹೇಳಿದಾಗ ಯಾರೂ ತಿರುಗಿ ನೋಡಲಿಲ್ಲ. ಮೂರನೇ ದಿನ ಡಾಕ್ಟರು ಅದನ್ನೇ ಬರೆದಾಗ ಇಡೀ ಯಂತ್ರ ಬಿಚ್ಚಿಸಿದರು. ಒಮ್ಮೆ ಅವನದೇ ತಪ್ಪಿನಿಂದ ನಾಲ್ಕು ಡ್ರಮ್ಮು ಎಣ್ಣೆ ಕಮಟಾಯಿತು. ಡಾಕ್ಟರು ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ಅವನನ್ನು ಚೆನ್ನಾಗಿ ಬೈದು ಬರೆದರು. ಜಯದೇವಪ್ಪ ಅದನ್ನು ಕೆಲಸಗಾರರ ಮುಂದೆ ಮಗಳ ಕೈಲಿ ಕನ್ನಡ ಮಾಡಿಸಿ ಓದಿಸಿದರು. ಅವತ್ತು ಧರ್ಮೇಶ ಊಟ ಬಿಟ್ಟ. ಡಾಕ್ಟರು ಅಷ್ಟು ಖಾರವಾಗಿ ಬರೆಯಬಾರದಿತ್ತು ಅನ್ನಿಸಿತು.

ಎರಡನೇ ವರ್ಷ ಪತ್ರಗಳು ಉದ್ದವಾದವು. ಡಾಕ್ಟರು ಮೊಟ್ಟೆ ತಿನ್ನುತ್ತಾರೆಯೇ, ಮುಂದೆ ಊರಿಗೆ ಬಂದು ನೆಲೆಸುವ ಮನಸ್ಸಿದೆಯೇ ಎಂದು ಜಯದೇವಪ್ಪ ಮಗಳ ಕೈಲಿ ಬರೆಸಿ ಕೇಳಿದರು. ಮಡಿವಂತ ವ್ಯಾಪಾರಿ, ಕೇಳುವುದು ಸಹಜ ಎಂದುಕೊಂಡು ಧರ್ಮೇಶ ಅವರಿಗೆ ಮೆಚ್ಚುಗೆಯಾಗುವ ಉತ್ತರಗಳನ್ನೇ ಕೊಟ್ಟ. ಮೇಘಶ್ರೀ ಅಲ್ಲಿನ ಚಳಿ ಹೇಗೆಂದು ಕೇಳಿದಳು. ಶೆಡ್ಡಿನಲ್ಲಿ ಒಬ್ಬನೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ ಮಧ್ಯಾಹ್ನಗಳನ್ನು, ಶೆಡ್ಡನ್ನು ಮಾತ್ರ ಲ್ಯಾಬು ಮಾಡಿ, ಅವನು ಬರೆದ. ಯೋಜನೆಯಲ್ಲಿ ಅದಿರಲಿಲ್ಲ. ಆದರೆ ಯೋಜನೆಗೆ ಅಡ್ಡಿಯೂ ಇಲ್ಲ ಎಂದುಕೊಂಡ.

ಕೊನೆಯ ಹೆಜ್ಜೆ ಮಾತ್ರ ಉಳಿದಿತ್ತು. ಧರ್ಮೇಶನನ್ನೇ ಮುಖ್ಯಸ್ಥನಾಗಿ ಕಾಯಂ ಮಾಡಿ ಎಂದು ಡಾಕ್ಟರು ಶಿಫಾರಸು ಮಾಡಿದರು. ಆದೇಶ ಕೈಗೆ ಬಂದ ತಿಂಗಳಿಗೆ ಅವರು ಮರೆಯಾಗಬೇಕು. ಹೃದಯಾಘಾತ ಮಾಡಿಸೋಣವೆಂದು ಮೊದಲು ಯೋಚಿಸಿ, ಮನಸ್ಸು ಬಾರದೆ, ದೂರದ ದ್ವೀಪವೊಂದಕ್ಕೆ ವರ್ಗ ಮಾಡಿಸುವುದೆಂದು ತೀರ್ಮಾನಿಸಿದ್ದ.

ಶುಕ್ರವಾರ ಬೆಳಿಗ್ಗೆ ಜಯದೇವಪ್ಪ ಅವನನ್ನು ಫ್ಯಾಕ್ಟರಿಗಲ್ಲ, ಮನೆಗೇ ಕರೆಸಿದರು. ಅವರ ಹೆಂಡತಿ ಕಾಂತಮ್ಮ ಎಂದೂ ಇಲ್ಲದ್ದು ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಕಾಯಂ ಆದೇಶ ಕೈಗೆ ಬಂತು. ಧರ್ಮೇಶನ ಕಣ್ಣು ಮಂಜಾಯಿತು.

"ಇನ್ನೊಂದು ಕೆಲ್ಸ ಐತೆ," ಎಂದರು ಜಯದೇವಪ್ಪ. "ನಿನ್ ಪಾಸ್‌ಪೋರ್ಟ್ ತಂದ್ಕೊಡು. ನಮ್ ಮೂರೂ ಜನದ ನ್ಯೂಜಿಲೆಂಡ್ ವೀಸಾ ಬಂದೈತೆ. ಆ ದೇಶ ಕಂಡೋನು ನೀನೊಬ್ನೇ, ದಾರಿ ತೋರ್ಸು. ಡಾಕ್ಟ್ರಿಗೆ ಸುಳಿವು ಕೊಡಬ್ಯಾಡ. ಹೇಳ್ದೇ ಹೋದ್ರೇನೇ ಗಂಡಿನ ಮನೆ ಹೆಂಗೈತೆ ಅಂತ ಗೊತ್ತಾಗೋದು."

ಧರ್ಮೇಶ ಲೋಟವನ್ನು ಕೆಳಗಿಟ್ಟ.

"ನಮ್ ಮಗ್ಳು ಹನ್ನೊಂದು ಗಂಡು ಬ್ಯಾಡ ಅಂದೋಳು ಕಣಪ್ಪ," ಎಂದರು ಕಾಂತಮ್ಮ, ದನಿ ತಗ್ಗಿಸಿ. "ಡಾಕ್ಟ್ರ ಕಾಗ್ದ ಓದಿ ತಾನಾಗೇ ಹೂಂ ಅಂದವ್ಳೆ."

ಬಾಗಿಲ ಹತ್ತಿರ ನಿಂತಿದ್ದ ಮೇಘಶ್ರೀ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಅಷ್ಟು ದೊಡ್ಡ ಮನುಷ್ಯರಿಗೆ ಇಷ್ಟರಲ್ಲಿ ಸಂಸಾರ ಆಗಿರಬಹುದಲ್ಲವೇ ಯಜಮಾನ್ರೇ ಎಂದು ಧರ್ಮೇಶ ಹೇಗೋ ಕೇಳಿದ.

ಜಯದೇವಪ್ಪ ನಕ್ಕು, ದೇವರ ಮುಂದಿಟ್ಟಿದ್ದ ಡಾಕ್ಟರ ಅರ್ಜಿಯನ್ನು ತಂದು ಅವನ ಮುಂದೆ ಹಿಡಿದರು. ಮೂಲೆಗಳಿಗೆ ಅರಿಶಿನ ಹಚ್ಚಿತ್ತು. ಅದು ಫ್ಯಾಕ್ಟರಿಯದೇ ಫಾರಂ, ಅರಸೀಕೆರೆಯಲ್ಲೇ ತಯಾರಾದದ್ದು. ನ್ಯೂಜಿಲೆಂಡಿನವರು ಕನಸಿನಲ್ಲೂ ಕೇಳದ್ದನ್ನೆಲ್ಲ ಕೇಳುವಂಥದ್ದು. ಡಿಗ್ರಿ, ಅನುಭವ, ತಂದೆಯ ಊರು, ಒಂದೊಂದನ್ನೂ ಧರ್ಮೇಶ ವಾರಗಟ್ಟಲೆ ಯೋಚಿಸಿ ಕಟ್ಟಿದ್ದ. ಜಯದೇವಪ್ಪನವರ ಬೆರಳು ಅವೆಲ್ಲವನ್ನೂ ದಾಟಿ ಕೆಳಗಿಳಿದು ಹದಿನಾಲ್ಕನೇ ಕಾಲಂ ಮೇಲೆ ನಿಂತಿತು. ಹದಿನೈದು ವರ್ಷದಿಂದ ಈ ದೇಶದಲ್ಲಿ ಹಾಕಿದ ಪ್ರತಿಯೊಂದು ಅರ್ಜಿಯಲ್ಲೂ ಯೋಚಿಸದೆ ತುಂಬಿದಂತೆ, ಅಲ್ಲಿಯೂ ಅವನ ಕೈ ತನ್ನಷ್ಟಕ್ಕೆ ತಾನೇ ಟೈಪು ಮಾಡಿತ್ತು: ಅವಿವಾಹಿತ.