ಹವಳಕ್ಕೆ ಬೆಟ್ಟದ ನೀರು

"ಅಯ್ಯೋ, ಮತ್ತೆ ಬಂದುಬಿಟ್ಟಿದೆ!"

ತೊಗ್ಜಾನ್ ಕೈಯಲ್ಲಿದ್ದ ಹಳೇ ಟೂತ್‌ಬ್ರಶ್ಶನ್ನು ಬಕೆಟ್ಟಿಗೆ ಎಸೆದಳು. ನಿನ್ನೆ ಸಂಜೆ ಕೈ ಸೋಲುವಷ್ಟು ಉಜ್ಜಿ ತೆಗೆದ ಪಾಚಿ ಬೆಳಗಾಗುವಷ್ಟರಲ್ಲಿ ಮತ್ತೆ ತಲೆ ಎತ್ತಿತ್ತು. ತೊಟ್ಟಿಯ ಗಾಜಿನ ಮೇಲೆ, ಕಲ್ಲಿನ ಮೇಲೆ, ಪಂಪಿನ ಬಾಯಲ್ಲಿ, ಎಲ್ಲಿ ನೋಡಿದರೂ ಹಸಿರು ಕೂದಲು.

"ಇದೇನು ಸಮುದ್ರಾನೋ ಹುಲ್ಲುಗಾವಲೋ?" ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಅಮ್ಮ ಕೂಗಿದಳು. "ನಾಲ್ಕು ಕುರಿ ತಂದು ಮೇಯೋಕೆ ಬಿಡೋಣ್ವಾ?"

ಬೇರೆ ದಿನವಾಗಿದ್ದರೆ ತೊಗ್ಜಾನ್ ನಗುತ್ತಿದ್ದಳು. ಇವತ್ತು ತಿರುಗಿಯೂ ನೋಡಲಿಲ್ಲ.

ಅಲ್ಮಾಟಿಯಲ್ಲಿ ಬೆಟ್ಟವಿದೆ, ಹಿಮವಿದೆ, ಸಮುದ್ರ ಮಾತ್ರ ಇಲ್ಲ. ಎರಡು ವರ್ಷ ಕಾಡಿ ಬೇಡಿ ಅವಳು ಹುಟ್ಟುಹಬ್ಬಕ್ಕೆ ಈ ಉಪ್ಪುನೀರಿನ ತೊಟ್ಟಿ ಗಿಟ್ಟಿಸಿಕೊಂಡಿದ್ದಳು. ಜೊತೆಗೆ ಒಂದು ಪುಟ್ಟ ಮೀನು, ಮೂರು ಜೀವಂತ ಹವಳಗಳು. ಮೂರು ತಿಂಗಳಲ್ಲಿ ಎರಡು ಹವಳ ಸತ್ತವು. ಉಳಿದ ಗುಲಾಬಿ ಹವಳವೂ ನಾಲ್ಕು ದಿನದಿಂದ ಮುದುಡಿಕೊಂಡು ಕೂತಿತ್ತು. ಅದೂ ಹೋದರೆ ತೊಟ್ಟಿಯನ್ನು ಮಾರಿಬಿಡುವುದಾಗಿ ಅಮ್ಮ ಹೇಳಿಯಾಗಿತ್ತು.

ತೊಗ್ಜಾನ್ ತೊಟ್ಟಿಯ ನೀರನ್ನು ಒಂದು ಸೀಸೆಗೆ ತುಂಬಿಕೊಂಡು ಮೀನಿನಂಗಡಿಯ ರೆನಾತ್ ಮಾಮನ ಹತ್ತಿರ ಓಡಿದಳು.

ಮಾಮ ಆ ನೀರಿಗೆ ಏನೋ ಎರಡು ಹನಿ ಹಾಕಿದ. ನೀರು ಕಡುನೀಲಿಯಾಯಿತು. "ಪಾಚಿಗೆ ಒಳ್ಳೇ ಮದುವೆ ಊಟ ಸಿಗ್ತಾ ಇದೆ ಕಣಮ್ಮ. ಯಾರು ಬಡಿಸ್ತಿದ್ದಾರೆ? ಮೀನಿಗೆ ಜಾಸ್ತಿ ತಿಂಡಿ ಹಾಕ್ತೀಯಾ?"

"ಇಲ್ಲ ಮಾಮ, ಎರಡೇ ಚಿಟಿಕೆ."

"ನೀರು ಆರಿ ಕಡಿಮೆಯಾಗುತ್ತಲ್ಲ, ಅದಕ್ಕೆ ಫಿಲ್ಟರ್ ನೀರು ತಗೊಂಡು ಹೋಗು ಅಂದಿದ್ದೆ. ನೀನು ಬರಲೇ ಇಲ್ಲ."

"ಮೆಶೀನ್ ನೀರು ಸತ್ತ ನೀರು ಅಂತಾರೆ ನಮ್ಮ ಅತಾ," ತೊಗ್ಜಾನ್ ಹೆಮ್ಮೆಯಿಂದ ಹೇಳಿದಳು. ಅತಾ ಎಂದರೆ ಅವಳ ಅಜ್ಜ. "ಅವರು ಬೆಟ್ಟದ ಬುಗ್ಗೆ ನೀರು ತಂದುಕೊಡ್ತಾರೆ. ಅದೇ ಹಾಕೋದು, ದಿನಾ ಒಂದು ಲೋಟ. ನಾನು ಕುಡಿಯೋದೂ ಅದನ್ನೇ. ನೋಡಿ ಬೇಕಾದ್ರೆ!"

ಮಾಮ ಅವಳ ವಾಟರ್ ಬಾಟಲಿಯಿಂದ ಸ್ವಲ್ಪ ನೀರು ಬಗ್ಗಿಸಿ ಅದಕ್ಕೂ ಎರಡು ಹನಿ ಹಾಕಿದ. ಅದೂ ಕಡುನೀಲಿಯಾಯಿತು.

ಮಾಮ ಎರಡೂ ನೀರನ್ನು ಅಕ್ಕಪಕ್ಕ ಇಟ್ಟು ತೋರಿಸಿ, "ನಮಗೆ ನಿಮಗೆ ಅಮೃತ. ಕಲ್ಲು ಮಣ್ಣಿನ ಸಾರ ಎಲ್ಲಾ ಇದೆ ಇದರಲ್ಲಿ. ಪಾಚಿಗೂ ಅದೇ ಬೇಕು. ಪಾಚಿ ಹಬ್ಬಿದ್ರೆ ಹವಳಕ್ಕೆ ಉಸಿರು ಕಟ್ಟುತ್ತೆ," ಎಂದ.

ದಿನಾ ಒಂದು ಲೋಟ. ತೊಗ್ಜಾನ್ ತನ್ನ ಕೈಯಾರೆ ಸುರಿದಿದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮನೆಯಲ್ಲಿ ಅತಾ ಆಗಲೇ ಬಂದಿದ್ದರು. ಶನಿವಾರ ತಪ್ಪದವರು ಅವರು. ಬುಗ್ಗೆಯ ಮುಂದೆ ಟೋಪಿ ತೆಗೆದು, ದೇವರ ಹೆಸರು ಹೇಳಿ ಎರಡು ಕ್ಯಾನ್ ತುಂಬಿ, ಎರಡು ಬಸ್ಸು ಬದಲಿಸಿ, ನೋಯುವ ಮಂಡಿಯಲ್ಲಿ ನಾಲ್ಕು ಮಹಡಿ ಹತ್ತಿ ಬಂದಿದ್ದರು.

"ಬಾ ನನ್ನ ಒಂಟೆಮರಿ!" ಅವರು ಲೋಟ ತುಂಬಿ ಹಿಡಿದು ತೊಟ್ಟಿಯ ಪಕ್ಕದಲ್ಲೇ ನಿಂತಿದ್ದರು. "ಪಾಪ, ನಿನ್ನ ಹವಳ ಬಾಡಿದೆ. ತಣ್ಣಗಿನ ನೀರು ಕುಡಿಸು, ಎದ್ದು ಕೂರುತ್ತೆ."

ತೊಗ್ಜಾನ್ ಲೋಟ ತೆಗೆದುಕೊಂಡಳು. ಹವಳವನ್ನು ನೋಡಿದಳು, ಅತಾರನ್ನು ನೋಡಿದಳು. ಕೈ ಮೇಲೇಳಲಿಲ್ಲ.

"ಅತಾ... ಈ ನೀರಿನಿಂದಾನೇ ಪಾಚಿ ಬರ್ತಿರೋದಂತೆ."

"ಯಾರಂದಿದ್ದು?"

"ರೆನಾತ್ ಮಾಮ. ಟೆಸ್ಟ್ ಮಾಡಿ ತೋರಿಸಿದ್ರು."

"ನನ್ನವ್ವ ನಮ್ಮನ್ನೆಲ್ಲ ಈ ನೀರಲ್ಲೇ ಮೀಯಿಸಿದ್ಲು. ಇದರಿಂದ ಜೀವ ಹೋಗುತ್ತಾ?" ಅವರ ದನಿ ಏರಿತು. ಆಮೇಲೆ ಅವರ ಕಣ್ಣು ಕಲ್ಲಿನ ಮೇಲಿದ್ದ ಎರಡು ಬಿಳಿ ತುಂಡುಗಳತ್ತ ಹೋಯಿತು. ಹವಳ ಸತ್ತ ಜಾಗ ಅದು. "ಹಂಗಾದ್ರೆ ಅವನ್ನ ಕೊಂದಿದ್ದು ನಾನು."

"ನೀವಲ್ಲ ಅತಾ, ಸುರಿದಿದ್ದು ನಾನು!"

ಅತಾ ಕೇಳಿಸಿಕೊಳ್ಳಲಿಲ್ಲ. ಕ್ಯಾನ್‌ಗಳನ್ನು ಎತ್ತಿಕೊಂಡು ಬಾಗಿಲಿಗೆ ನಡೆದರು.

"ಅತಾ, ಒಂದು ಚೂರು ರೊಟ್ಟಿನಾದ್ರೂ ಮುರಿದು ಬಾಯಿಗೆ ಹಾಕ್ಕೊಳ್ಳಿ!" ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ರೊಟ್ಟಿ ಮುಟ್ಟದೆ ಅತಾ ಯಾರ ಮನೆಯಿಂದಲೂ ಹೊರಟವರಲ್ಲ. ಅವತ್ತು ಹೊರಟುಬಿಟ್ಟರು.

ತೊಗ್ಜಾನ್ ಮೆಟ್ಟಿಲಿಳಿದು ಓಡಿದಳು. ಅತಾ ಕೆಳಗಿನ ಬೆಂಚಿನಲ್ಲಿ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು. ಅವಳು ಪಕ್ಕದಲ್ಲಿ ಕೂತಳು.

"ಮುಂದಿನ ಶನಿವಾರ ಸುಮ್ನೆ ಬನ್ನಿ ಅತಾ. ಏನೂ ತರಬೇಡಿ."

"ಮೊಮ್ಮಗಳ ಮನೆಗೆ ಬರಿಗೈಲಿ ಹೆಂಗಮ್ಮ ಬರೋದು?" ಅತಾ ತಲೆ ಎತ್ತಲಿಲ್ಲ. "ನನ್ನ ಹತ್ತಿರ ಬೇರೆ ಏನಿದೆ?"

ತೊಗ್ಜಾನ್‌ಗೆ ಅಳು ಉಕ್ಕಿತು. ಎರಡು ಬಸ್ಸು, ನಾಲ್ಕು ಮಹಡಿ, ಇದೆಲ್ಲ ಹವಳಕ್ಕಾಗಿ ಅಲ್ಲವೇ ಅಲ್ಲ. ಇಷ್ಟು ದಿನ ಅವಳು ತೊಟ್ಟಿಯೊಳಗೆ ಮಾತ್ರ ನೋಡುತ್ತಾ ಕೂತಿದ್ದಳು.

ಅವಳು ಮೂಗೊರೆಸಿಕೊಂಡು ಒಂದು ಕ್ಯಾನನ್ನು ತನ್ನತ್ತ ಎಳೆದುಕೊಂಡಳು. "ಇದು ನನಗೆ ಬೇಕು. ನಲ್ಲಿ ನೀರಿನ ಟೀ ಸ್ವಲ್ಪಾನೂ ಚೆನ್ನಾಗಿರಲ್ಲ."

ಮೊಮ್ಮಗಳು ಟೀ ಕುಡಿಯುವುದೇ ಇಲ್ಲ ಎಂದು ಅತಾಗೆ ಗೊತ್ತಿತ್ತು. ಆದರೂ ಅವರು ಬೆಂಚು ಹಿಡಿದು ನಿಧಾನವಾಗಿ ಎದ್ದರು.

ಇಬ್ಬರೂ ಒಂದೊಂದು ಕ್ಯಾನ್ ಹಿಡಿದು ಮೆಟ್ಟಿಲು ಹತ್ತಿದರು. ಕ್ಯಾನ್ ಇಷ್ಟು ಭಾರ ಎಂದು ತೊಗ್ಜಾನ್‌ಗೆ ಅವತ್ತೇ ಗೊತ್ತಾಗಿದ್ದು. ಮೇಲೆ ಹವಳ ಅರಳಿರುವುದಿಲ್ಲ, ಇನ್ನು ಅರಳುತ್ತದೋ ಇಲ್ಲವೋ. ಅವಳು ಅವಸರ ಮಾಡಲಿಲ್ಲ. ಪ್ರತಿ ಮಹಡಿಯಲ್ಲೂ ಅತಾರ ಉಸಿರು ಹದಕ್ಕೆ ಬರುವವರೆಗೆ ಕಾದು ನಿಂತಳು.