ಐಸ್ ಮೇಲೆ ನಾಲ್ಕು ಸುತ್ತು

"ಚಾನೆಲ್ ಬದಲಿಸಬೇಡಿ!"

ಹೊನ್ನಾವರದಲ್ಲಿ ತನ್ನ ಅಣ್ಣನ ಕೇಬಲ್ ಟಿವಿ ಆಫೀಸಿನಲ್ಲಿ ಕೂತಿದ್ದ ಸುಪ್ರಿಯಾ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಮಾಬ್ಲೇಶ್ವರ, ಕಾಸರಕೋಡ ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್. ಫ್ಯಾಕ್ಟರಿಯ ಟಿವಿ ಬರುತ್ತಿಲ್ಲವೆಂದು ಜಗಳಕ್ಕೆ ಬಂದವನು ಜಗಳವನ್ನೇ ಮರೆತು ಇಲ್ಲಿಯ ಟಿವಿ ನೋಡುತ್ತ ನಿಂತಿದ್ದ. ಅದರಲ್ಲಿ ಕಪ್ಪು ಅಂಗಿಯವನೊಬ್ಬ ಐಸ್ ಮೇಲೆ ಜಾರುತ್ತ ಬಂದು, ಹಾರಿ, ಗಾಳಿಯಲ್ಲೇ ಗಿರ್ರನೆ ತಿರುಗಿ ಇಳಿದ.

"ನಾಲ್ಕು ಸುತ್ತು! ದಿನಾ ಐಸ್ ಮೇಲೆ ಓಡಾಡೋ ನಂಗೆ ಗೊತ್ತು, ನಿಲ್ಲೋದೇ ಕಷ್ಟ."

"ಬರೀ ಸುತ್ತೋದಾದ್ರೆ ನಮ್ಮ ಫ್ಯಾನೂ ಸುತ್ತತದೆ! ಆ ನೀಲಿ ಅಂಗಿಯವ ಬರ್ಲಿ, ಅವನ ಕೈ ನೋಡಿ. ಹಾಡು ಬೆರಳಿಂದ್ಲೇ ಹೊರಡ್ತದೆ."

ಅದು 1998ರ ಫೆಬ್ರವರಿ. ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ, ಐಸ್ ಆಟ ಬರುವ ಹೊತ್ತಿಗೆ ಸರಿಯಾಗಿ, ಫ್ಯಾಕ್ಟರಿಯ ಟಿವಿ ತಪ್ಪದೆ ಕೆಡತೊಡಗಿತು! ಅವನು ಬರುವುದು, ಇಬ್ಬರೂ ಕಪ್ಪು-ನೀಲಿ ಎಂದು ವಾದಕ್ಕೆ ಬೀಳುವುದು. ಸುಪ್ರಿಯಾಳಿಗೆ ಉಳಿದ ಆರು ದಿನ ರುಚಿಸದಾದವು.

ಒಂದು ಶನಿವಾರ ನೀಲಿ ಅಂಗಿಯವನು ಹಾರಿ, ಸೊಟ್ಟಗೆ ಇಳಿದು ಮುಗ್ಗರಿಸಿದ.

"ಕಾಲೇ ನೆಟ್ಟಗಿಲ್ದೆ ಹೋದ್ರೆ ಕೈ ಎಷ್ಟು ಚೆಂದ ಇದ್ದು ಎಂತ ಪ್ರಯೋಜನ?" ಎಂದ ಮಾಬ್ಲೇಶ್ವರ.

ಸುಪ್ರಿಯಾ ತನ್ನ ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡಳು. ಮೂರನೇ ವರ್ಷಕ್ಕೆ ಪೋಲಿಯೋ ಬಂದು ಸಣಕಲಾದ ಕಾಲು ಅದು.

'ಇಷ್ಟು ದಿನ ಇವ ನನ್ನ ಈ ಕಾಲನ್ನೇ ನೋಡ್ತಿದ್ನಾ...?'

ಮರುವಾರ ಅವನ ತಾಯಿ ಹೊನ್ನಮ್ಮ ಹೆಣ್ಣು ಕೇಳಲು ಬಂದರು.

"ಕಾಲು ನೆಟ್ಟಗಿರೋಳನ್ನ ಹುಡುಕಿ," ಎಂದುಬಿಟ್ಟಳು ಸುಪ್ರಿಯಾ. ಹೊನ್ನಮ್ಮ ಚಹಾ ಮುಟ್ಟದೆ ಎದ್ದು ಹೋದರು. ಮಾಬ್ಲೇಶ್ವರ ಎರಡು ಸಲ ಬಂದ. ಎರಡು ಸಲವೂ ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು. ಮೂರನೇ ಸಲ ಅವನು ಬರಲಿಲ್ಲ.

ಮೂರು ವರ್ಷ ಅವಳು ಆ ಸಿಟ್ಟನ್ನು ಮಗುವಿನಂತೆ ಸಾಕಿದಳು.

ಆಮೇಲೊಂದು ದಿನ ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಅನಿಲದ ಪೈಪ್ ಒಡೆಯಿತು. ವಾಲ್ವ್ ಮುಚ್ಚಲು ಒಳಗೆ ನುಗ್ಗಿದ ಮಾಬ್ಲೇಶ್ವರನ ಎರಡೂ ಕಣ್ಣು ಹೋದವು. ಸುದ್ದಿ ಕೇಳಿ ಸುಪ್ರಿಯಾ ಅನ್ನ ಬಿಟ್ಟು ಅತ್ತಳು. ಆದರೂ ನೋಡಲು ಹೋಗಲಿಲ್ಲ... ಯಾವ ಮುಖ ಹೊತ್ತು ಹೋಗುವುದು?

2002ರ ಫೆಬ್ರವರಿಯಲ್ಲಿ ಅವನೇ ಆಫೀಸಿಗೆ ಬಂದ, ತಾಯಿಯ ಭುಜ ಹಿಡಿದುಕೊಂಡು.

"ಐಸ್ ಆಟ ಬರ್ತಾ ಇದ್ಯಾ? ಸ್ವಲ್ಪ ಹೇಳ್ತೀಯಾ?"

ಅವಳು ಟಿವಿ ನೋಡುತ್ತ ಹೇಳತೊಡಗಿದಳು. "ಹಾರಿದ... ಒಂದು, ಎರಡು, ಮೂರು, ನಾಲ್ಕು! ಬೀಳ್ಲಿಲ್ಲ."

"ಕೈ?"

"ಕೈ ಎಂತಕ್ಕೆ ಈಗ? ಕಾಲು ನೆಟ್ಟಗಿದ್ರೆ ಆತಲ್ಲ ನಿಮಗೆ!"

ಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಆ ಮಾತಿಗಾ ನೀ ಬೇಡ ಅಂದದ್ದು...? ದೇವರಾಣೆ, ನಾ ಹೇಳಿದ್ದು ಟಿವಿಯಲ್ಲಿದ್ದವನ ಕಾಲಿಗೆ. ನಿನ್ನ ಕಾಲು ನಂಗೆ ನೆನಪೇ ಇರ್ಲಿಲ್ಲ, ಸುಪ್ರಿಯಾ," ಎಂದ ಮಾಬ್ಲೇಶ್ವರ.

ಅಂದೇ ಅವನನ್ನು ಒಂದೇ ಒಂದು ಮಾತು ಕೇಳಿದ್ದರೆ! ಅವನಿಗೆ ಕಣ್ಣಿದ್ದ ಅಷ್ಟೂ ದಿನ ಅವಳು ಕದ ಹಾಕಿಕೊಂಡು ಕೂತಿದ್ದಳು.

"ನಿಮಗೆ ನನ್ನ ನೋಡ್ಲಿಕ್ಕೇ ಬಿಡ್ಲಿಲ್ಲ ನಾನು..." ಬಿಕ್ಕುತ್ತ, ಕಾಲೆಳೆಯುತ್ತ ಅವನ ಬಳಿ ಬಂದಳು. "ನಿಮ್ಮ ಸಂಗಡ ಬತ್ತೆ. ಬೇಡ ಅನ್ಬೇಡಿ."

ಅವನು ಆ ಸಪ್ಪಳದ ಕಡೆಗೆ ಮುಖ ತಿರುಗಿಸಿದ. "ಬಾ. ಈ ಹೆಜ್ಜೆ ಯಾರದ್ದಂತ ನಂಗೆ ಯಾರೂ ಹೇಳೋದು ಬೇಡ... ಆದ್ರೆ ಅವನ ಕೈ ಹೆಂಗಿತ್ತು ಹೇಳ್ಲೇ ಇಲ್ಲ ನೀನು."

ಸುಪ್ರಿಯಾ ಅವನ ಕೈ ಹಿಡಿದು, ನಿಧಾನವಾಗಿ ಮೇಲಕ್ಕೆತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹಿಂಗೆ."

"ಇನ್ನೊಂದ್ಸಲ ತೋರ್ಸು."