ಕಪ್ಪು ಹಸಿರು ಕಷಾಯ

ನೆಲನೆಲ್ಲಿ ಯಕೃತ್ತಿಗೆ ಮದ್ದಾದೀತೇ ಎಂದು ಪರೀಕ್ಷಿಸೋಣ ಎಂದು ಮೊದಲು ಬಾಯಿಬಿಟ್ಟವನು ಆವಲಪ್ಪ. "ಹಿತ್ತಲ ಗಿಡ ಮದ್ದಲ್ಲ ಕಣಯ್ಯ, ಹೋಗಿ ಕೆಲ್ಸ ನೋಡು," ಎಂದು ನಕ್ಕಿದ್ದರು ಹೊಸಕೋಟೆಯ ಆ ಸಣ್ಣ ಔಷಧ ಕಾರ್ಖಾನೆಯ ಧಣಿ ಅಪ್ಪಯ್ಯಣ್ಣ. ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಹೊಸದಾಗಿ ಸೇರಿದ ರಾಮಾಂಜಿನಪ್ಪ ಆವಲಪ್ಪನ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ. ಧಣಿಗಳು ಕುರ್ಚಿ ಎಳೆದು ಕೂರಿಸಿದರು. ಪರೀಕ್ಷೆ ಗೆದ್ದರೆ ಪ್ರಯೋಗಾಲಯಕ್ಕೆ ಅವನೇ ಮುಖ್ಯಸ್ಥ. ವರ್ಷಗಟ್ಟಲೆ ಇಲಿಗಳ ನಡುವೆ ದುಡಿದ ಆವಲಪ್ಪ ಅವನಿಗೆ ಸಲಾಮು ಹೊಡೆಯಬೇಕು. ಹೊಟ್ಟೆ ಉರಿಯದೆ ಇನ್ನೇನಾದೀತು?

ಪರೀಕ್ಷೆಯ ಕ್ರಮ ಸರಳ. ಒಂದು ಗೂಡಿನ ಇಲಿಗಳಿಗೆ ಯಕೃತ್ತು ಕೆಡಿಸುವ ವಿಷ ಮಾತ್ರ. ಇನ್ನೊಂದು ಗೂಡಿನವಕ್ಕೆ ನೆಲನೆಲ್ಲಿಯ ಕಷಾಯ ಕುಡಿಸಿ ಆಮೇಲೆ ವಿಷ. ಕೊನೆಗೆ ಎರಡೂ ಗೂಡಿನ ಇಲಿಗಳನ್ನು ಕೊಯ್ದು ನೋಡುವುದು. ಇಲಿಗಳನ್ನಾಗಲಿ ವಿಷವನ್ನಾಗಲಿ ಆವಲಪ್ಪ ಮುಟ್ಟುವಂತಿರಲಿಲ್ಲ; ರಾಮಾಂಜಿನಪ್ಪನ ಕಣ್ಣು ಸದಾ ಅವುಗಳ ಮೇಲೆಯೇ. ಆದರೆ ಕಷಾಯದ ಸೀಸೆಯನ್ನು ಯಾರು ಅನುಮಾನಿಸುತ್ತಾರೆ? ಅದನ್ನು ಚೆಲ್ಲಿ ಬೇರೆ ಸೊಪ್ಪಿನ ರಸ ತುಂಬಿಟ್ಟರೆ ಮುಗಿಯಿತು. ಕುಡಿಸುವವನು ರಾಮಾಂಜಿನಪ್ಪ, ಮಣ್ಣು ಮುಕ್ಕುವವನೂ ಅವನೇ.

ಆ ಸೊಪ್ಪಿನ ಬಣ್ಣ ಹೊಂದಬೇಕು, ಅದರಲ್ಲಿ ಕೇಡು ಇರಬಾರದು, ಗುಣವಂತೂ ಇರಲೇಬಾರದು. ಆವಲಪ್ಪ ಅಳೆದೂ ಸುರಿದೂ ಬಚ್ಚಲ ನೀರಿಗೆ ಬೆಳೆದಿದ್ದ ಗರುಗದ ಸೊಪ್ಪನ್ನು ಆರಿಸಿದ. ಅವನ ತಾಯಿ ಪಾಪಮ್ಮ ಎಣ್ಣೆಯಲ್ಲಿ ಕಾಯಿಸಿ ತಲೆಗೆ ಹಚ್ಚುವ ಸೊಪ್ಪು ಅದು. ತಲೆಗೂದಲಿಗೂ ಯಕೃತ್ತಿಗೂ ಎಲ್ಲಿಯ ನಂಟು? ತಾಯಿ ಸಂತೆಗೆ ಹೋದಾಗ ಒಂದೆಲೆ ಬಿಡದೆ ತರಿದು ಕುದಿಸಿ, ಪಂಚೆಯಲ್ಲಿ ಸೋಸಿದ. ಅದೇ ಕಪ್ಪು ಹಸಿರು. ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಸೀಸೆ ಬದಲಾಯಿಸುವ ಕೆಲಸ ಮುಗಿಯಿತು. ಇಂಥ ತಲೆ ಇದ್ದೂ ತಾನು ಕೈಕೆಳಗಿನವನಾಗಿಯೇ ಉಳಿದೆನಲ್ಲ ಎಂದು ಅವನಿಗೆ ಮತ್ತಷ್ಟು ಸಿಟ್ಟು ಬಂತು.

ಕೊಯ್ಯುವ ದಿನ ಧಣಿಗಳೇ ಬಂದು ನಿಂತರು. ವಿಷ ಮಾತ್ರ ಕುಡಿದ ಇಲಿಗಳ ಯಕೃತ್ತು ಹಳದಿ ತಿರುಗಿ ಊದಿಕೊಂಡಿತ್ತು. ಆವಲಪ್ಪ ನಗು ತಡೆದುಕೊಂಡು ಎರಡನೆಯ ಗೂಡಿನ ಇಲಿಯತ್ತ ಬಗ್ಗಿದ. ಅದರ ಯಕೃತ್ತು ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಅದರ ಮುಂದಿನದ್ದೂ ಹಾಗೆಯೇ.

"ಗೆದ್ಬಿಟ್ಟ ಕಣಯ್ಯ ರಾಮಾಂಜಿನಪ್ಪ! ಏನ್ ಮುಖ ಮುಖ ನೋಡ್ತೀಯ, ಹೋಗಿ ಮೈಸೂರುಪಾಕು ತಗೊಂಬಾ," ಎಂದರು ಧಣಿಗಳು ಆವಲಪ್ಪನಿಗೆ.

ಹಲ್ಲು ಕಡಿಯುತ್ತ ಮನೆಗೆ ಬಂದರೆ ಪಾಪಮ್ಮ ಹಿತ್ತಲಲ್ಲಿ ಕೂಗಾಡುತ್ತಿದ್ದಳು. "ಗರುಗದ ಸೊಪ್ಪನ್ನ ಯಾವನ್ಲಾ ಹಿಂಗೆ ಬೋಳು ಮಾಡ್ದೋನು? ಪಕ್ಕದ್ಮನೆ ಸಪ್ಪಲಮ್ಮನ ಮಗೀಗೆ ಕಾಮಾಲೆ ಆಗೈತೆ, ಸೊಪ್ಪು ಕೇಳ್ಕೊಂಡು ಬಂದವ್ಳೆ." ಆವಲಪ್ಪ ಬೋಳಾದ ಗಿಡದತ್ತ ತಿರುಗಿದ. "ಕಾಮಾಲೆಗಾ? ಅದು ತಲೆಗೆ ಹಚ್ಚೋ ಸೊಪ್ಪಲ್ವೇನವ್ವಾ?" "ತಲೆಗೂ ಹಚ್ತಾರೆ. ಎಳೇದ್ರಲ್ಲಿ ನೀನು ಅರಿಶಿನದಂಗೆ ಹಳದಿಯಾಗಿ ಬಿದ್ದಿದ್ದಾಗ ಇದ್ನೇ ಅರೆದು ಕುಡ್ಸಿ ಉಳಿಸ್ಕೊಂಡಿದ್ದು ಕಣೋ." ಗೆದ್ದ ಮದ್ದು ತನ್ನದೆಂದು ಈಗ ಹೇಳಿಕೊಳ್ಳಬೇಕಾದರೆ, ಸೀಸೆ ಬದಲಾಯಿಸಿದ ಕಳ್ಳನೂ ತಾನೇ ಎಂದು ಅವನು ಒಪ್ಪಿಕೊಳ್ಳಬೇಕಿತ್ತು.